ಹಿಮ್ಮುಖದ ಸೀಟು

“ಕಾಲು ಎತ್ತಿಟ್ಕೋ ಅಂತ ಹೇಳಪ್ಪ ಅವಳಿಗೆ. ಮುಂದೆ ಗುಂಡಿ ಇದೆ,” ಎಂದರು ದಾ ಓನ್ ಟಿನ್.

“ಚಿಕ್ಕಮ್ಮ, ಕಾಲು ಎತ್ತಿಟ್ಕೋಬೇಕಂತೆ,” ಎಂದ ಕೋ ತೌಂಗ್, ಪೆಡಲು ತುಳಿಯುತ್ತಲೇ.

“ನಂಗೇನು ಕಿವುಡಾ ಅಂತ ಕೇಳು,” ಎಂದರು ದಾ ಸಾನ್ ಮ್ಯಾ. ಆದರೂ ಕಾಲು ಎತ್ತಿಟ್ಟುಕೊಂಡರು.

ಅಕ್ಕತಂಗಿಯರ ನಡುವೆ ಇದ್ದದ್ದು ಒಂದೇ ಒಂದು ಹಲಗೆ. ಸೈಕಲ್ಲಿನ ಪಕ್ಕಕ್ಕೆ ಬಿಗಿದ, ಸೈಕಾ ಎಂಬ ಬಾಡಿಗೆ ಗಾಡಿಯ ತೊಟ್ಟಿಯಲ್ಲಿ ಒಬ್ಬರು ಮುಂದಕ್ಕೆ, ಒಬ್ಬರು ಹಿಂದಕ್ಕೆ ಮುಖ ಮಾಡಿ, ಬೆನ್ನಿಗೆ ಬೆನ್ನು ತಾಗಿಸಿ ಕೂರಬೇಕು. ಇಷ್ಟು ವರ್ಷವೂ ಮುಂದಿನ ಸೀಟು ಅಕ್ಕನದು, ಹಿಂದಿನದು ತಂಗಿಯದು. ದಾರಿ ನೋಡಿಕೊಳ್ಳುವುದು ಅಕ್ಕನ ಕೆಲಸ ಎಂದು ಯಾವಾಗಲೋ ತೀರ್ಮಾನವಾಗಿಬಿಟ್ಟಿತ್ತು. ಬೆಳಿಗ್ಗೆ ನದಿ ಕಡೆಯ ಮನೆಯಿಂದ ಮಾರ್ಕೆಟ್ಟಿಗೆ, ಸಂಜೆ ಮಾರ್ಕೆಟ್ಟಿನಿಂದ ಮನೆಗೆ. ಯಾಂಗೂನಿನ ಬಸ್ಸು, ಟ್ಯಾಕ್ಸಿಗಳೆಲ್ಲ ಪಕ್ಕದಲ್ಲೇ ಹಾರನ್ ಹೊಡೆದುಕೊಂಡು ಹೋದರೂ ಇಬ್ಬರೂ ಕೋ ತೌಂಗನ ಗಾಡಿ ಬಿಟ್ಟವರಲ್ಲ. ಹರಟೆ, ಜಗಳ, ಅಂಗಡಿಯ ವ್ಯವಹಾರ ಎಲ್ಲವೂ ಬೆನ್ನ ಮೂಲಕವೇ ನಡೆಯುತ್ತಿತ್ತು. ಈಗ ಕೆಲವು ದಿನಗಳಿಂದ ಕೋ ತೌಂಗನ ಮೂಲಕ ನಡೆಯುತ್ತಿತ್ತು. ಪಾಪ, ಅವನಿಗೆ ಏರಿನಲ್ಲಿ ಪೆಡಲು ತುಳಿಯುವುದಕ್ಕಿಂತ ಇದೇ ಹೆಚ್ಚು ಸುಸ್ತು.

ಕಾರಣ ಊರಿಗೇ ಗೊತ್ತಿತ್ತು. ಅಕ್ಕ ದಾ ಓನ್ ಟಿನ್ ತಲೆ ಬೋಳಿಸಿಕೊಂಡು, ಗುಲಾಬಿ ಬಣ್ಣದ ಬಟ್ಟೆ ಉಟ್ಟು, ಸನ್ಯಾಸಿನಿಯರ ಮಠ ಸೇರಲು ಹೊರಟಿದ್ದರು. ಹುಡುಗಿಯಾಗಿದ್ದಾಗಲೇ ಗಂಟು ಕಟ್ಟಿಕೊಂಡು ಆ ಮಠದ ಬಾಗಿಲವರೆಗೆ ಹೋಗಿದ್ದರು. ತಾಯಿ ತೀರಿಕೊಂಡ ಸುದ್ದಿ ಅಲ್ಲಿಗೇ ಬಂತು. ಮನೆಯಲ್ಲಿ ಇನ್ನೂ ಜಡೆ ಹಾಕಿಕೊಳ್ಳಲು ಬಾರದ ಸಾನ್ ಮ್ಯಾ ಇದ್ದಳು. ಗಂಟು ಎತ್ತಿಕೊಂಡು ವಾಪಸು ಬಂದವರು ಆ ಮಾತನ್ನು ಮತ್ತೆ ಎತ್ತಿರಲಿಲ್ಲ, ಮೊನ್ನೆಯವರೆಗೆ.

“ಈ ವಯಸ್ಸಲ್ಲಿ ನನ್ನ ಬಿಟ್ಟು ಹೋಗ್ತೀಯಾ?” ಎಂದು ತಂಗಿ ಕೇಳಿದ್ದೇ ಕೊನೆ. ಆಮೇಲೆ ಅಕ್ಕನೊಂದಿಗೆ ಮಾತಿಲ್ಲ. ಅಕ್ಕ ದಿನಾ ಹುಳಿ ಬರಿಸಿದ ಚಹಾ ಎಲೆಯನ್ನು ಬಟ್ಟಲಿಗೆ ಹಾಕಿ, ಹುರಿದ ಬೆಳ್ಳುಳ್ಳಿ, ಎಳ್ಳು ಉದುರಿಸಿ ಎದುರಿಗೆ ಹಿಡಿದರು. ಅವರ ಅಂಗಡಿಯ ಸರಕೂ ಅದೇ. ಜಗಳವಾಡಿದವರು ಒಂದೇ ಬಟ್ಟಲಿನಿಂದ ಚಹಾ ಎಲೆ ತಿಂದರೆ ಜಗಳ ಅಲ್ಲಿಗೆ ಮುಗಿಯಿತು, ಮತ್ತೆ ಎತ್ತುವ ಹಾಗಿಲ್ಲ, ಅದು ಅಲ್ಲಿನ ರೂಢಿ. ಇಡೀ ಬೀದಿಯ ಜಗಳಗಳಿಗೆ ಎಲೆ ಮಾರಿದ ದಾ ಸಾನ್ ಮ್ಯಾ ಈ ಬಟ್ಟಲನ್ನು ಮಾತ್ರ ಮುಟ್ಟಲಿಲ್ಲ.

“ಇವಳ ಮುನಿಸು ಹೊತ್ಕೊಂಡು ಹೋದ್ರೆ ಅಲ್ಲಿ ನಾನು ಕೂರಬಹುದು, ಮನಸ್ಸು ಕೂರಲ್ಲ ಕಣಪ್ಪ,” ಎಂದು ಇವತ್ತು ಹೊರಡುವಾಗ ಅಕ್ಕ ಕೋ ತೌಂಗನಿಗೆ ಹೇಳಿದ್ದರು. ಅವರ ಕಾಲ ಬಳಿ ಗಂಟು, ತೊಡೆಯ ಮೇಲೆ ಮುಚ್ಚಳದ ಬಟ್ಟಲು ಇತ್ತು. ಮಠ ಸೇರುವ ಮೊದಲು ಇದೊಂದೇ ಬೆಳಿಗ್ಗೆ ಉಳಿದಿತ್ತು.

“ಅವಳನ್ನ ಮಠದ ಹತ್ರ ಇಳ್ಸು. ಆಮೇಲೆ ನನ್ನ ಮಾರ್ಕೆಟ್ಟಿಗೆ ಬಿಡು. ನಂಗೆ ಅಂಗಡಿ ಇದೆ,” ಎಂದಿದ್ದರು ತಂಗಿ.

ಅಕ್ಕ ಕಣ್ಣು ಮುಚ್ಚಿ ಜಪಮಣಿ ಎಣಿಸತೊಡಗಿದರು. ಗುಂಡಿ ದಾಟಿತು, ಚಹಾದಂಗಡಿ ದಾಟಿತು. ಕೋ ತೌಂಗ್ ಇಬ್ಬರಿಗೂ ಸಮಾಧಾನ ಆಗುವಂಥ ಒಂದು ಮಾತು ಹುಡುಕುತ್ತ ತುಳಿದ. ತಲೆ ಎತ್ತಿದಾಗ ಎದುರಿಗೆ ಮಾರ್ಕೆಟ್ಟಿನ ಗೇಟು.

“ಅಯ್ಯೋ ದೊಡ್ಡಮ್ಮ, ಕಾಲಿನ ಅಭ್ಯಾಸ. ಮಠದ ತಿರುವು ತಪ್ಪಿಹೋಯ್ತು,” ಎಂದು ಬ್ರೇಕು ಹಿಡಿದ.

ಅಕ್ಕ ಕಣ್ಣು ತೆರೆದು ಗೇಟು ನೋಡಿದರು. “ಸಾನ್, ನೀನು ಹಿಂದೆ ನೋಡ್ತಾ ಕೂತಿದ್ದೀಯಲ್ಲ. ತಿರುವು ದಾಟಿ ಬಂದಿದ್ದು ಕಾಣ್ಲಿಲ್ವಾ?”

ಕೋ ತೌಂಗ್ ಇದನ್ನೂ ದಾಟಿಸಬೇಕೋ ಬೇಡವೋ ಎಂದು ಬಾಯಿ ತೆರೆದ.

“ಕಾಣ್ತು,” ಎಂದರು ತಂಗಿ, ನೇರವಾಗಿ.

“ಮತ್ತೆ ಹೇಳ್ಬಾರ್ದಿತ್ತಾ?”

“ಮಠದ ಬೋರ್ಡು ಚಿಕ್ಕದಾಗ್ತಾ ಹೋಯ್ತು. ಇನ್ನೂ ಸ್ವಲ್ಪ ದೂರ ಹೋಗ್ಲಿ, ಇನ್ನೂ ಸ್ವಲ್ಪ ದೂರ ಹೋಗ್ಲಿ ಅಂತ ನೋಡ್ತಾ ಕೂತಿದ್ದೆ.”

ಅಕ್ಕ ಬೈಯುತ್ತಾರೆಂದು ಕೋ ತೌಂಗ್ ತಲೆ ತಗ್ಗಿಸಿದ. ಅವರು ಬೈಯಲಿಲ್ಲ. ಜಪಮಣಿಯನ್ನು ಚೀಲಕ್ಕೆ ಹಾಕಿ, ಗಂಟು ಎತ್ತಿಕೊಂಡು, ಒಂದು ಕಾಲು ಕೆಳಗಿಟ್ಟರು.

“ಆಯ್ತು, ಇಳಿ. ಅಂಗಡಿ ತೆಗೆಯೋಣ. ಗಿರಾಕಿ ಬರೋ ಹೊತ್ತು,” ಎಂದರು.

ದನಿಯಲ್ಲಿ ಕೋಪವಿರಲಿಲ್ಲ. ಸುಸ್ತಾಗಿ ಮನೆಗೆ ಬಂದವರು ಆಡುವ ಮಾತಿನ ಹಾಗಿತ್ತು. ಅದೇ ತಂಗಿಗೆ ತಡೆಯದಾಯಿತು. ಹಿಂದೊಮ್ಮೆ ಇದೇ ದನಿಯಲ್ಲಿ, ಇದೇ ಥರ ಗಂಟು ಹಿಡಿದು, “ಬಾ, ಜಡೆ ಹಾಕ್ತೀನಿ,” ಎಂದಿದ್ದಳಲ್ಲ ಇವಳು.

“ಕೂತ್ಕೋ ಅಕ್ಕ.”

“ಯಾಕೆ?”

“ಕೂತ್ಕೋ ಅಂದೆ.” ದಾ ಸಾನ್ ಮ್ಯಾ ತಿರುಗದೆಯೇ ಕೈಯನ್ನು ಹಲಗೆಯ ಮೇಲಿಂದ ಚಾಚಿದರು. “ಆ ಬಟ್ಟಲು ಕೊಡು.”

ಅಕ್ಕ ಕೊಟ್ಟರು. ಮುಚ್ಚಳದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಅಗಿಯುವ ಸದ್ದು. ಬಟ್ಟಲು ಹಲಗೆಯ ಮೇಲಿಂದ ಮತ್ತೆ ಮುಂದಕ್ಕೆ ಬಂತು. ಅಕ್ಕನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

“ಉಪ್ಪು ಕಮ್ಮಿ,” ಎಂದರು ತಂಗಿ. ಮೂಗು ಕಟ್ಟಿತ್ತು.

“ನಾಳೆಯಿಂದ ನೀನೇ ಹಾಕ್ಕೋ, ಸರಿಯಾಗಿ.”

“ತೌಂಗ್, ಏನು ನಿಂತ್ಕೊಂಡು ನೋಡ್ತಿದ್ದೀಯ?” ಎಂದರು ತಂಗಿ. “ ಗಾಡಿ ತಿರುಗ್ಸು. ಈ ಸಲ ತಿರುವು ಬಂದಾಗ ನಾನೇ ಹೇಳ್ತೀನಿ.”

ಹಿಂದಿನ ಸೀಟಿನವರು ಬರುವ ತಿರುವನ್ನು ಹೇಗೆ ಹೇಳುತ್ತಾರೆಂದು ಅವನು ಕೇಳಲಿಲ್ಲ. ದಾರಿಯುದ್ದಕ್ಕೂ ಅಕ್ಕತಂಗಿಯರಿಗೆ ಅವನ ನೆನಪೇ ಇರಲಿಲ್ಲ. ಎಲೆಗೆ ಯಾವ ವ್ಯಾಪಾರಿಯನ್ನು ನಂಬಬೇಕು, ಯಾರನ್ನು ನಂಬಬಾರದು, ಮಂಡಿಗೆ ಯಾವ ಎಣ್ಣೆ, ಎಲ್ಲ ಬೆನ್ನ ಮೂಲಕ ಹೋಗಿ ಬಂತು. ಇಷ್ಟು ದಿನದ ಮೇಲೆ ಅವನ ಗಾಡಿ ಹಗುರಾಗಿತ್ತು.

ಮಠದ ಬಾಗಿಲಲ್ಲಿ ಅಕ್ಕ ಇಳಿದರು. ತಂಗಿಯ ಕೆನ್ನೆಯ ಮೇಲೆ ಕಲಸಿಹೋಗಿದ್ದ, ತೊಗಟೆ ತೇದು ಹಚ್ಚಿದ ಲೇಪವನ್ನು ಹೆಬ್ಬೆರಳಿನಿಂದ ಸರಿಮಾಡಿ, ಗಂಟು ಹಿಡಿದು ಬಾಗಿಲ ಪಕ್ಕದಲ್ಲಿ ನಿಂತರು.

“ಚಿಕ್ಕಮ್ಮ, ಮುಂದಿನ ಸೀಟು ಖಾಲಿ ಇದೆ. ಈ ಕಡೆ ಬನ್ನಿ,” ಎಂದ ಕೋ ತೌಂಗ್.

“ಬೇಡ. ಇಲ್ಲೇ ಇರ್ತೀನಿ,” ಎಂದರು ದಾ ಸಾನ್ ಮ್ಯಾ, ಹಿಂದಕ್ಕೆ ಮುಖ ಮಾಡಿ ಕೂತು. “ನಿಧಾನಕ್ಕೆ ತುಳಿ.”

ಅವನು ನಿಧಾನಕ್ಕೆ ತುಳಿದ. ತಿರುವು ಬರುವವರೆಗೂ ಅವರು ಮಠದ ಬಾಗಿಲಲ್ಲಿ ಚಿಕ್ಕದಾಗುತ್ತ ಹೋದ ಅಕ್ಕನನ್ನೇ ನೋಡುತ್ತ ಕೂತಿದ್ದರು.