ಜೋಡಿಗೆ ಮಾತ್ರ ಲೈನ್ ಮನೆ

"ಜೋಡಿ ಇಲ್ದ ಬೋಳಿಮಗಂಗೆ ಲೈನ್ ಮನೆ ಯಾವನೋ ಕೊಡ್ತಾನೆ? ಗಂಟುಮೂಟೆ ಕಟ್ಟೋ."

ರೈಟರ್ ರುದ್ರೇಶ್ ಇಷ್ಟನ್ನೂ ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ ಹೇಳಿದ. ಎಸ್ಟೇಟಿನ ಕಣದಲ್ಲಿ ಸಂಜೆಯ ತೂಕ ನಡೆಯುತ್ತಿತ್ತು. ಗಿಡ್ಡಪ್ಪನ ಬೆನ್ನ ಮೇಲೆ ಕಾಫಿ ಹಣ್ಣಿನ ಚೀಲ ಇನ್ನೂ ಹಾಗೇ ಇತ್ತು. ರೈಟರ್ ಇಳಿಸು ಅನ್ನುವ ತನಕ ಇಳಿಸುವ ಹಾಗಿಲ್ಲ. ಬೈಯುವುದಿದ್ದ ದಿನ ಆ ಮಾತು ತಡವಾಗಿಯೇ ಬರುತ್ತದೆ ಎಂಬುದು ಲೈನಿನ ಮಕ್ಕಳಿಗೂ ಗೊತ್ತು.

"ಸುಕನ್ಯಾ ಬತ್ತಾಳೆ ರೈಟ್ರೆ. ಪ್ಯಾಟೆ ಮನೇಲಿ ಬಾಣಂತನ ಮುಗುದ್ರೆ..."

"ಬಾಣಂತನ ಮುಗ್ದು ಪಾಪು ಕೂರೋಕೆ ಕಲ್ತಾಯ್ತು ಮಾರಾಯ. ನಿನ್ ಹೆಂಡ್ತಿ ಇನ್ನು ಇತ್ಲಾಗೆ ತಲೆ ಹಾಕಲ್ಲ."

ಕಣದಲ್ಲಿ ನಾಲ್ಕು ಜನ ನಕ್ಕರು. ನಗದಿದ್ದರೆ ಅವರ ಚೀಲವೂ ಬೆನ್ನ ಮೇಲೇ ಉಳಿಯುತ್ತಿತ್ತು.

ಗೋಣಿಬೀಡಿನ ಹಿಂದಿನ ಗುಡ್ಡದ ಆ ತೋಟ ಓಂಕಾರಮೂರ್ತಿಯವರದು. ಚಿಕ್ಕಮಗಳೂರಲ್ಲಿ ಅವರಿಗೆ ದೊಡ್ಡ ಮನೆ. ಅಲ್ಲಿ ಸೊಸೆಯ ಬಾಣಂತನಕ್ಕೆ ಕೈಯಾಳು ಬೇಕೆಂದು ಕಳೆದ ಮಳೆಗಾಲದಲ್ಲಿ ಗಿಡ್ಡಪ್ಪನ ಹೆಂಡತಿ ಸುಕನ್ಯಾಳನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿದ್ದರು. ಜತೆಗೆ ಮಗಳು ನಿಖಿತಾಳೂ ಹೋದಳು. ಒಂದನೇ ಕ್ಲಾಸಿಗೆ ಸೇರಿಸಬೇಕಾದ ಹುಡುಗಿ. ಪೇಟೆಯ ಶಾಲೆಗೇ ಸೇರಿಸುತ್ತೇವೆ ಎಂದು ಸಾಹುಕಾರರ ಹೆಂಡತಿ ಪ್ರೇಮಕುಮಾರಿಯವರು ಅಂದಾಗ ಗಿಡ್ಡಪ್ಪ ಕೈ ಮುಗಿದಿದ್ದ. ಹಾಗೆ ಕೈ ಮುಗಿದದ್ದು ನೆನಪಾದಾಗಲೆಲ್ಲ ಅವನಿಗೆ ಈಗ ತನ್ನ ಕೈಗಳ ಮೇಲೇ ಸಿಟ್ಟು ಬರುತ್ತದೆ.

ತೋಟದಲ್ಲಿ ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆ ಕೊಡುವುದು ಗಂಡ ಹೆಂಡಿರ ಜೋಡಿಗೆ. ಒಂಟಿ ಆಳಿಗೆ ಕೊಟ್ಟರೆ ಸಾಹುಕಾರರಿಗೆ ಹಣ್ಣು ಕುಯ್ಯುವ ಎರಡು ಕೈ ನಷ್ಟ.

"ನಿಮ್ಮಣ್ಣನ ಹೆಂಡ್ತಿ ಅದಾಳಲ್ಲ, ಮುಂಡೆ," ಎಂದ ರುದ್ರೇಶ್, ದನಿ ತಗ್ಗಿಸಿ. "ಅವಳೇ ಜೋಡಿ ಅನ್ನು. ಇಬ್ರೂ ಕುಯ್ರಿ. ಮನೆ ಇಟ್ಕೊ. ನಂಗೇನು?"

ಆಮೇಲೆ ಅಂದ, "ಇಳ್ಸು."

ಲೈನಿನಲ್ಲಿ ಇದು ಹೊಸದೇನಲ್ಲ. ಅಲ್ಲಿ ಅಕ್ಕ ತಮ್ಮ ಜೋಡಿಯಾಗಿದ್ದಾರೆ, ತಾಯಿ ಮಗನೂ ಒಂದು ಸುಗ್ಗಿಯ ಮಟ್ಟಿಗೆ ಜೋಡಿಯಾದದ್ದುಂಟು. ತೂಕದ ಹೊತ್ತಿಗೆ ಜೋಡಿ, ಒಲೆಯ ಹೊತ್ತಿಗೆ ಅವರವರ ಸಂಬಂಧ ಅವರವರಿಗೆ. ಆದರೂ ಗಿಡ್ಡಪ್ಪನಿಗೆ ಅತ್ತಿಗೆ ಹೂವಮ್ಮನ ಮುಂದೆ ಈ ಮಾತೆತ್ತಲು ನಾಲಗೆ ಹೊರಳಲಿಲ್ಲ. ಅಣ್ಣ ಮರದಿಂದ ಬಿದ್ದು ಸತ್ತ ಮೇಲೂ ಇವನನ್ನು ಉಣ್ಣಿಸಿ ಬೆಳೆಸಿದವಳು ಅವಳು.

ಕಣದ ಸುದ್ದಿ ಕಿವಿಗೆ ಬಿದ್ದಿದ್ದ ಹೂವಮ್ಮನೇ ಅವನ ಮುಖ ನೋಡಿ ಹೇಳಿದಳು, "ಜೋಡಿ ಅಂದ್ರೆ ಅನ್ಲಿ ಬಿಡೋ ಗಿಡ್ಡ. ಬಾಯಿ ಅವ್ರದು. ನಾಳೆ ಕೂಸು ಬಂದ್ರೆ ಮಲಗಾಕೆ ಒಂದು ಮೂಲೆ ಬ್ಯಾಡ್ವಾ?"

ಮಾರನೇ ದಿನ ಕಣದಲ್ಲಿ ಅವನು ಅತ್ತಿಗೆಯನ್ನೇ ಜೋಡಿ ಎಂದು ರೈಟರ್ ಹತ್ತಿರ ಬರೆಸಿದ. ಭಾನುವಾರ ಬಸ್ಸು ಹತ್ತಿದ. ಪೇಟೆ ಮನೆಯ ಗೇಟಿನ ಹತ್ತಿರ ನಿಂತು ಕೂಗಿದರೆ ಪ್ರೇಮಕುಮಾರಿಯವರು ಜಗಲಿಗೆ ಬಂದರು.

"ಅಲ್ಲೇ ನಿಲ್ಲು. ಕಾಲಲ್ಲಿ ಏನೇನ್ ಮೆಟ್ಕಂಡು ಬಂದಿದೀಯೋ."

"ಮಗ್ಳನ್ನ ಒಂದ್ ಗಳಿಗೆ ನೋಡ್ಕಂಡು ಹೋಯ್ತೀನಿ ಅಮ್ಮಾ."

"ನೋಡು. ಅಲ್ಲಿಂದ ಕಾಣಲ್ವಾ?"

ಕಾಣುತ್ತಿತ್ತು. ಜಗಲಿಯ ತುದಿಯಲ್ಲಿ ನಿಖಿತಾ ನಿಂತಿದ್ದಳು. ಅವಳ ಸೊಂಟದ ಮೇಲೆ ಸಾಹುಕಾರರ ಮೊಮ್ಮಗು. ಉಂಡು ತಿಂದು ದುಂಡಗಾಗಿದ್ದ ಕೂಸು. ಅದನ್ನು ಹೊರಲು ಹುಡುಗಿ ಮೈಯನ್ನೆಲ್ಲ ಒಂದು ಪಕ್ಕಕ್ಕೆ ವಾಲಿಸಿದ್ದಳು. ಅಪ್ಪನನ್ನು ನೋಡಿ ಎರಡು ಹೆಜ್ಜೆ ಇಟ್ಟಳು. ಕೂಸು ಕುಂಯ್ ಎಂದಿತು, ನಿಂತುಬಿಟ್ಟಳು.

ಹಿಂದಿನ ಬಾಗಿಲಿನಿಂದ ಸುಕನ್ಯಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಗೇಟು ತೆಗೆಯಲಿಲ್ಲ.

"ಯಾಕ್ ಬಂದೆ?"

"ಮನೆಗ್ ಬಾ. ಕೂಸುನ್ನ ನಮ್ಮೂರ್ ಶಾಲೆಗಾದ್ರೂ ಹಾಕಾಣ."

"ಆ ಲೈನಿಗಾ? ಇಂಬಳ ಕಚ್ಚುಸ್ಕಂಡು, ಸೋರೋ ಶೀಟಿನ ಕೆಳಗೆ? ಇಲ್ಲಿ ಮೂರ್ ಹೊತ್ತು ಅನ್ನ ಅದೆ. ಮಲಗಾಕೆ ಬೆಚ್ಚಗದೆ." ಅವಳು ಒಮ್ಮೆ ಜಗಲಿಯ ಕಡೆ ತಿರುಗಿ ನೋಡಿದಳು. "ನಂಗೂ ಸಾಕಾಗದೆ ಕಣೋ. ನಾನ್ ಬರಾಕಿಲ್ಲ."

ಅವಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದಕ್ಕೇ ಅವನಿಗೆ ತಿರುಗಿ ಬೈಯಲು ಆಗಲಿಲ್ಲ.

"ನೀ ಬರ್ದಿದ್ರೆ ಬ್ಯಾಡ. ಕೂಸು?"

"ಅವ್ಳಿಲ್ದೆ ಪಾಪು ಮಲಗಾಕಿಲ್ಲ," ಎಂದು ಸುಕನ್ಯಾ ನೆಲ ನೋಡಿದಳು.

ಗಿಡ್ಡಪ್ಪ ಬಸ್ ಸ್ಟ್ಯಾಂಡಿನವರೆಗೂ ಅತ್ತುಕೊಂಡೇ ಹೋದ. ಕುಡಿದಿದ್ದಾನೆ ಎಂದು ಜನ ದಾರಿ ಬಿಟ್ಟರು.

ತಿಂಗಳೊಳಗೆ ಕೋರ್ಟಿನಿಂದ ನೋಟೀಸು ಬಂತು. ಸುಕನ್ಯಾಗೆ ಬೇರೆಯಾಗಬೇಕಂತೆ, ಮಗು ಅವಳ ಹತ್ತಿರವೇ ಇರಬೇಕಂತೆ, ಮಗು ಶಾಲೆಗೆ ಹೋಗುತ್ತಿದೆಯಂತೆ. ಗಿಡ್ಡಪ್ಪ ಅದನ್ನು ಮಡಿಸಿಕೊಂಡು ನೇರವಾಗಿ ಏಕಾಂತಪ್ಪ ವಕೀಲರ ಆಫೀಸಿಗೆ ಹೋದ. ತೋಟದ ಲೈನಿನಲ್ಲಿ ಯಾರಿಗೆ ಏನಾದರೂ ವಕೀಲರೆಂದರೆ ಏಕಾಂತಪ್ಪನವರೇ. ಸಾಹುಕಾರರ ವಕೀಲರು, ಆದ್ದರಿಂದ ಎಲ್ಲರ ವಕೀಲರು. ಹಾಗೆಂದೇ ಅವನು ಹುಟ್ಟಿದಾಗಿನಿಂದ ತಿಳಿದುಕೊಂಡಿದ್ದ.

ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಎಲ್ಲವನ್ನೂ ಹೇಳಿಕೊಂಡ. ಏಕಾಂತಪ್ಪ ಪೂರ್ತಿ ಕೇಳಿದರು. ಆಮೇಲೆ ನಕ್ಕರು.

"ಲೋ ಪೆದ್ದ, ಈ ಕೇಸ್ ಹಾಕಿರೋನೇ ನಾನು. ನಿನ್ ಹೆಂಡ್ತಿ ಕಡೆ ನಾನಿದೀನಿ."

"ಹಂಗಾರೆ ನನ್ ಕಡೆ ಯಾರು ಸಾಮಿ?"

"ದುಡ್ಡಿದ್ರೆ ಊರ್ ತುಂಬಾ ಇದಾರೆ. ಪುಕ್ಕಟೆ ವಕೀಲ್ರು ಬೇಕಂದ್ರೆ ಅದು ಹೆಂಗಸರಿಗೆ. ಗಂಡಸಿಗೆ ಸರ್ಕಾರ ವಕೀಲ್ರನ್ನ ಕೊಡಲ್ಲ. ಸುಮ್ನೆ ಒಪ್ಕೊಂಡು ಬಿಡು. ಮಗು ಸುಖವಾಗದೆ. ಸಾಹುಕಾರರ ಅನ್ನ ತಿಂದು ಸಾಹುಕಾರರ ಮನೆ ಮೇಲೇ ಕೇಸ್ ಆಡ್ತೀಯೇನೋ ಕಳ್ ಸೂಳೆಮಗನೆ?"

ಅವನು ಲೈನಿಗೆ ಬಂದು ಒಲೆಯ ಮುಂದೆ ಕುಕ್ಕರಿಸಿದಾಗ ಹೂವಮ್ಮ ರೊಟ್ಟಿ ತಟ್ಟುತ್ತಿದ್ದಳು. ಎಲ್ಲ ಕೇಳಿ ತಟ್ಟುವುದನ್ನು ನಿಲ್ಲಿಸಿದಳು.

"ಹೆಂಗಸರಿಗೆ ಮಾತ್ರ ಅಂದ್ನಾ? ಬೊಗಳ್ತಾನೆ. ನಮ್ ಸಂಘದ ಮೀಟಿಂಗಿಗೆ ಕೋರ್ಟ್ನೋರು ಬಂದು ಹೇಳವ್ರೆ. ಹೆಂಗಸರಿಗೂ ಅದೆ, ನಮ್ ಜಾತಿಯೋರಿಗೂ ಅದೆ, ಗಂಡಸಾದ್ರೂ ಸೈ. ಬಡವನಾದ್ರೆ ಯಾವ ಜಾತಿಯಾದ್ರೂ ಸೈ. ಕೋರ್ಟಿನ ಕಾಂಪೌಂಡಲ್ಲೇ ಅವ್ರ ಆಫೀಸು. ಹೊಲೇರಾಗಿ ಹುಟ್ಟಿದ್ದಕ್ಕೆ ಒಂದಾದ್ರೂ ಲಾಭ ಆಗ್ಲಿ, ಹೋಗು."

ಹೂವಮ್ಮ ಹೇಳಿದ್ದು ನಿಜವಾಗಿತ್ತು. ಉಚಿತ ಕಾನೂನು ನೆರವಿನ ಆಫೀಸಿನಲ್ಲಿ ಅವನ ಜಾತಿ ಸರ್ಟಿಫಿಕೇಟು ನೋಡಿದರು, ಕೂತ್ಕೊಳಿ ಎಂದರು. ಅವನು ಹಿಂದೆ ತಿರುಗಿ ನೋಡಿದ. ಇನ್ಯಾರಿಗೋ ಹೇಳಿದರೇನೋ ಎಂದುಕೊಂಡಿದ್ದ.

ಅವನಿಗೆ ಗೊತ್ತು ಮಾಡಿಕೊಟ್ಟ ವಕೀಲೆ ವಂದನಾ. ಕಳಸದ ಕಡೆಯ ಮೇಷ್ಟ್ರ ಮಗಳು, ಇನ್ನೂ ಚಿಕ್ಕ ಪ್ರಾಯ.

"ನಿಮಗೆ ಏನು ಬೇಕು ಗಿಡ್ಡಪ್ಪ? ಹೆಂಡತಿ ಬರಬೇಕಾ?"

"ಅವ್ಳಿಗಿಷ್ಟ ಇಲ್ಲ ಮೇಡಂ. ಎಳ್ಕಂಡ್ ಬಂದು ಏನ್ ಮಾಡ್ಲಿ? ಕೂಸು ಬೇಕು. ಕೂಸು ಶಾಲೆಗೋಗ್ಬೇಕು. ಆ ಪಾಪುನ್ನ ಸೊಂಟದಿಂದ ಇಳಿಸ್ಬೇಕು."

"ಮಗು ಬಂದ್ರೆ ಎಲ್ಲಿರುತ್ತೆ? ಮನೇಲಿ ಯಾರಿದಾರೆ?"

"ಲೈನ್ ಮನೆ ಅದೆ. ನಮ್ಮತ್ಗೆ ಅವಳೆ."

ಜೋಡಿಯ ವಿಷಯ ಅವನು ಹೇಳಲಿಲ್ಲ. ಅದು ಕಣದ ಮಾತು, ಕೋರ್ಟಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡ. ವಂದನಾ ಮೇಡಂ ಬೇರೆ ಅಷ್ಟು ಮರ್ಯಾದೆಯಿಂದ ಮಾತಾಡಿಸುತ್ತಿದ್ದರು. ಅತ್ತಿಗೆಯ ಹೆಸರಿಗೆ ಆ ಹೊಲಸು ಮಾತನ್ನು ಅಂಟಿಸಿ ಅವರ ಮುಂದೆ ಇಡಲು ಅವನಿಗೆ ನಾಚಿಕೆಯಾಯಿತು.

ವಿಚಾರಣೆಯ ದಿನ ಏಕಾಂತಪ್ಪ ಕರಿಕೋಟು ಜಗ್ಗಿಕೊಂಡು ಎದ್ದರು. ಬಾಗಿಲ ಬಳಿ ರುದ್ರೇಶ್ ನಿಂತಿದ್ದ.

"ಎಸ್ಟೇಟಲ್ಲಿ ಲೈನ್ ಮನೆ ಯಾರಿಗಪ್ಪ ಕೊಡೋದು?"

"ಜೋಡಿಗೆ ಸಾಮಿ."

"ಹೆಂಡ್ತಿ ಹೋದ ಮೇಲೂ ನಿನ್ ಮನೆ ನಿಂಗೇ ಇದೆ. ಹಾಗಾದ್ರೆ ನಿನ್ ಜೋಡಿ ಯಾರು?"

ಗಿಡ್ಡಪ್ಪ ರುದ್ರೇಶನ ಕಡೆ ನೋಡಿದ. ರುದ್ರೇಶ್ ಫ್ಯಾನಿನ ಕಡೆ ನೋಡಿದ.

"ಹೂವಮ್ಮ ಅನ್ನೋಳು ಯಾರು? ಹೇಳಪ್ಪ. ಜೋಡಿ ಅಂತ ನೀನೇ ಅಂದಿದ್ದಕ್ಕೆ ರೈಟರ್ ಸಾಕ್ಷಿ ಇದಾರೆ. ಅಣ್ಣನ ಹೆಂಡ್ತೀನ ಇಟ್ಕೊಂಡಿರೋ ಮನೆಗೆ ಹೆಣ್ಮಗು ಕರ್ಕೊಂಡು ಹೋಗ್ತೀಯಾ?"

ಹಿಂದಿನ ಬೆಂಚಿನಲ್ಲಿ ಹೂವಮ್ಮ ಕೂತಿದ್ದಳು. ನಿಖಿತಾಳನ್ನು ನೋಡಬಹುದೇನೋ ಎಂದು ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಸೆರಗನ್ನು ಎಳೆದು ಬಾಯಿಗೆ ಒತ್ತಿಕೊಂಡಳು. ಏಕಾಂತಪ್ಪನವರ ಹಿಂದೆ ಕೂತಿದ್ದ ಸುಕನ್ಯಾಳಿಗೆ ನಿಜ ಗೊತ್ತಿತ್ತು. ನಿಖಿತಾ ಹುಟ್ಟಿದಾಗ ಅವಳ ಬಾಣಂತನ ಮಾಡಿದ್ದೂ ಇದೇ ಹೂವಮ್ಮ. ಸುಕನ್ಯಾ ತಲೆ ಎತ್ತಲಿಲ್ಲ.

"ಉತ್ತರ ಹೇಳಿ," ಎಂದರು ನ್ಯಾಯಾಧೀಶರು.

ಜೋಡಿ ಹೌದು ಎಂದರೆ ಅತ್ತಿಗೆಯ ಮಾನ ಹೋಗುತ್ತದೆ, ಕೂಸೂ ಹೋಗುತ್ತದೆ. ಅಲ್ಲ ಎಂದರೆ ಸುಳ್ಳು ಹೇಳಿ ಮನೆ ಪಡೆದಂತಾಯಿತು. ಮನೆ ಹೋಗುತ್ತದೆ, ಮನೆಯಿಲ್ಲದವನಿಗೆ ಕೂಸನ್ನು ಯಾರು ಕೊಡುತ್ತಾರೆ?

"ನಮ್ಮತ್ಗೆ ಸಾಮಿ," ಎಂದ ಗಿಡ್ಡಪ್ಪ. "ನಮ್ಮವ್ವನ ಜಾಗದಲ್ಲಿರೋಳು. ರೈಟ್ರು ಜೋಡಿ ಅನ್ನು ಅಂದ್ರು, ಅಂದೆ. ಕೂಸಿಗೆ ಮನೆ ಇರ್ಲಿ ಅಂತ ಅಂದೆ."

"ಹಾಗಾದ್ರೆ ಸುಳ್ಳು ಹೇಳಿದ್ದು ಹೌದು," ಎಂದು ಏಕಾಂತಪ್ಪ ಕೂತರು. ವಂದನಾ ಅವನ ಕಡೆ ಒಮ್ಮೆ ನೋಡಿ, ಸಾವರಿಸಿಕೊಂಡು ಎದ್ದು, ತನಗೆ ಬಂದಷ್ಟೂ ವಾದ ಮಾಡಿದಳು. ಕೇಸು ಮುಗಿಯುವವರೆಗೆ ತಿಂಗಳ ಮೊದಲ ಶನಿವಾರ, ಮಧ್ಯಾಹ್ನದ ಮೇಲೆ ಒಂದು ಗಂಟೆ, ಕೋರ್ಟಿನ ಜಗಲಿಯಲ್ಲಿ ತಂದೆ ಮಗುವನ್ನು ನೋಡಬಹುದು ಎಂದಾಯಿತು.

"ನನ್ ಹತ್ರ ಮೊದಲೇ ಹೇಳ್ಬೇಕಿತ್ತು ಗಿಡ್ಡಪ್ಪ," ಎಂದಳು ವಂದನಾ, ಮೆಟ್ಟಿಲಿಳಿಯುವಾಗ. ಬೈಗುಳ ಇರಲಿಲ್ಲ ಅದರಲ್ಲಿ. ಬೈದಿದ್ದರೇ ಅವನಿಗೆ ಹಗುರವಾಗುತ್ತಿತ್ತು.

ಅತ್ತಿಗೆ ಮೈದುನ ಇಬ್ಬರೂ ಕೊನೇ ಬಸ್ಸಿಗೆ ತೋಟಕ್ಕೆ ಬಂದರೆ ಲೈನ್ ಮನೆಗೆ ಆಗಲೇ ಬೀಗ ಬಿದ್ದಿತ್ತು. ಪಾತ್ರೆ, ಚಾಪೆ, ನಿಖಿತಾಳ ಹಳೇ ಫ್ರಾಕು ತುಂಬಿದ್ದ ಚೀಲ, ಎಲ್ಲ ಅಂಗಳದಲ್ಲಿತ್ತು. ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡಿದ್ದರು. ಹೂವಮ್ಮ ಮಾತಾಡದೆ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟಳು. ಬಣಕಲ್ಲಿನಲ್ಲಿ ಅವಳ ತಂಗಿಯಿದ್ದಳು. ಅವರ ಕೊಟ್ಟಿಗೆಯ ಒಂದು ಪಕ್ಕಕ್ಕೆ ತಟ್ಟಿ ಕಟ್ಟಿಕೊಂಡರು.

ಶನಿವಾರ ಬಂತು. ಗಿಡ್ಡಪ್ಪ ಮೈ ಉಜ್ಜಿ ಮಿಂದು, ಮಗಳಿಗೆ ಇಷ್ಟವೆಂದು ಒಂದು ಚಕ್ಕೋತ ಹಣ್ಣು ಹುಡುಕಿ ತಂದು, ಬೆಳಗ್ಗೆಯಿಂದಲೇ ಕೋರ್ಟಿನ ಜಗಲಿಯಲ್ಲಿ ಕಾದ. ಮಧ್ಯಾಹ್ನ ಸಾಹುಕಾರರ ಕಾರು ಬಂತು. ಮೊದಲು ಡ್ರೈವರ್ ಇಳಿದ. ಆಮೇಲೆ ನಿಖಿತಾ ಇಳಿದಳು. ಸೊಂಟದ ಮೇಲೆ ಆ ಕೂಸು.

"ಇದ್ನ ಯಾಕ್ ತಂದ್ರಿ?"

"ಅಮ್ಮಾವ್ರು ಮದುವೆಗೆ ಹೋಗಿದಾರೆ. ನಿನ್ ಹೆಂಡ್ತಿ ಅಡುಗೇಲಿ ಇದಾಳೆ. ಮತ್ಯಾರು ಎತ್ಕೋತಾರೆ?" ಎಂದ ಡ್ರೈವರ್. "ಬೇಗ ಮುಗ್ಸು."

ಗಿಡ್ಡಪ್ಪ ಚಕ್ಕೋತ ಸುಲಿದ. ಹುಡುಗಿಯ ಕೈ ಎರಡೂ ಕೂಸಿನ ಸುತ್ತ ಇದ್ದವು, ಹಾಗಾಗಿ ತೊಳೆ ಬಿಡಿಸಿ ಬಾಯಿಗಿಟ್ಟ. ಅವಳು ಅಗಿದಳು. ಎಷ್ಟು ತೆಳ್ಳಗಾಗಿದ್ದಾಳೆ ಎಂದು ನೋಡಲಾರದೆ ಅವನು ತೊಳೆಗಳನ್ನೇ ನೋಡಿದ.

"ಶಾಲೇಲಿ ಏನ್ ಹೇಳ್ಕೊಟ್ರು ಮಗ?"

"ಶಾಲೆಗೆ ಪಾಪು ದೊಡ್ಡದಾದ್ ಮ್ಯಾಲೆ ಕಳಿಸ್ತಾರಂತೆ."

ಕೂಸು ಅಳಲು ಶುರುಮಾಡಿತು. ನಿಖಿತಾ ಎದ್ದು ಅದನ್ನು ಕುಲುಕುತ್ತ ಜಗಲಿಯ ಆ ತುದಿಗೆ ಹೋದಳು, ಈ ತುದಿಗೆ ಬಂದಳು. ಬಾಯಿಯೊಳಗಿನ ತೊಳೆಯನ್ನು ನುಂಗುವುದನ್ನೂ ಮರೆತಿದ್ದಳು. ಅಪ್ಪನಿಗೆ ಕೊಟ್ಟ ಒಂದು ಗಂಟೆ ಹೀಗೆ ಆ ತುದಿಗೂ ಈ ತುದಿಗೂ ಓಡಾಡುತ್ತ ಸವೆಯುತ್ತಿತ್ತು. ಗಿಡ್ಡಪ್ಪ ಹೋಗಿ ಅವಳ ಸೊಂಟದಿಂದ ಕೂಸನ್ನು ಎತ್ತಿಕೊಂಡ.

"ಏಯ್! ಮುಟ್ಬೇಡ ಅದನ್ನ! ಯಾರ್ ಮಗು ಗೊತ್ತೇನೋ ಹೊಲೆಯ?"

ಡ್ರೈವರ್ ಓಡಿ ಬರುವಷ್ಟರಲ್ಲಿ ಗಿಡ್ಡಪ್ಪ ಕೋರ್ಟಿನ ಒಳಗಿದ್ದ. ಅದೇ ನ್ಯಾಯಾಧೀಶರ ಮುಂದೆ ಏಕಾಂತಪ್ಪನವರದೇ ಯಾವುದೋ ಬೇರೆ ಕೇಸು ನಡೆಯುತ್ತಿತ್ತು. ಪೊಲೀಸ್‌ನವನು ಅಡ್ಡ ಕೈ ಚಾಚಿದ. ಎಳೆಗೂಸು ಎತ್ತಿಕೊಂಡವನನ್ನು ಹಿಡಿದು ಎಳೆಯುವುದು ಹೇಗೆಂದು ಅವನಿಗೂ ತಿಳಿಯಲಿಲ್ಲ. ಗಿಡ್ಡಪ್ಪ ವಕೀಲರ ನಡುವೆ ನುಗ್ಗಿ, ಏಕಾಂತಪ್ಪನವರ ಮುಂದಿನ ಮೇಜಿನ ಮೇಲೆ ಕೂಸನ್ನು ಕೂರಿಸಿದ. ಬೀಳದ ಹಾಗೆ ಅದರ ಬೆನ್ನಿಗೆ ಕೈ ಕೊಟ್ಟು ನಿಂತ.

"ಸಾಮಿ, ನನ್ ಮಗ್ಳು ಶಾಲೆಗೋಯ್ತಾಳೆ ಅಂತ ಇಲ್ಲೇ ಬರ್ದು ಕೊಟ್ಟವ್ರೆ. ದಿನಾ ಅವ್ಳ ಸೊಂಟದ ಮ್ಯಾಲೆ ಇರೋದು ಈ ಕೂಸು. ಇದು ಯಾರ್ದು ಅಂತ ವಕೀಲ್ರನ್ನ ಕೇಳಿ. ಇದ್ನ ಹೊರಾಕೆ ಇದ್ರ ಮನೇಲಿ ಯಾರಿಗೂ ಸೊಂಟ ಇಲ್ವಾ ಅಂತಾನೂ ಕೇಳಿ."

ಏಕಾಂತಪ್ಪ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಪಕ್ಕದ ಸಾಲಿನಿಂದ ವಂದನಾ ಎದ್ದು ನಿಂತಳು. ನ್ಯಾಯಾಧೀಶರು ಏನೋ ಹೇಳಲು ಬಾಯಿ ತೆರೆದರು. ಕೂಸು ಕಿಟಾರನೆ ಕಿರುಚಿತು, ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ.

ಕರಿಕೋಟುಗಳ ನಡುವೆ ನುಸುಳಿಕೊಂಡು ಬರಿಗಾಲಲ್ಲಿ ನಿಖಿತಾ ಬಂದಳು. ಅವಳು ನ್ಯಾಯಾಧೀಶರನ್ನು ನೋಡಲಿಲ್ಲ, ಅಪ್ಪನ ಮುಖವನ್ನೂ ನೋಡಲಿಲ್ಲ. ತುದಿಗಾಲಲ್ಲಿ ನಿಂತು ಮೇಜಿನ ಮೇಲಕ್ಕೆ ಎರಡೂ ಕೈ ಚಾಚಿದಳು.

"ಕೊಡಪ್ಪಾ. ಅತ್ರೆ ಅಮ್ಮಾವ್ರು ಅವ್ವಂಗೆ ಬಯ್ತಾರೆ."

ಗಿಡ್ಡಪ್ಪನ ಕೈ ಸಡಿಲವಾಯಿತು. ಹುಡುಗಿ ಕೂಸನ್ನು ತನ್ನ ಕಡೆಗೆ ಎಳೆದುಕೊಂಡು, ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ, ಎತ್ತಿ ಸೊಂಟಕ್ಕೇರಿಸಿದಳು. ಏರಿಸಿದ ಕೂಡಲೇ ಕೂಸು ಅಳು ನಿಲ್ಲಿಸಿತು.