ನಾನು ತಿದ್ದಿದ ನಡಿಗೆ

ನಾನು ಅನಿಮೇಷನ್ ಕಲಿಯುತ್ತಿರುವುದು ಯಾವ ಶಾಲೆಯಲ್ಲೂ ಅಲ್ಲ, ದೂಗಾ ರೆಸಾ ಎಂಬ ಪುಟ್ಟ ಊರಿನ ನಮ್ಮ ಅಡುಗೆಮನೆಯ ಮೇಜಿನ ಮೇಲೆ. ಪಾಠಗಳು ಕಂಪ್ಯೂಟರಿನಲ್ಲಿ ಬಿದ್ದಿರುತ್ತವೆ. ಬೇಕಾದಾಗ ನೋಡಬಹುದು, ನೋಡದಿದ್ದರೆ ಕೇಳುವವರಿಲ್ಲ. ಗುರುವಾರ ಮಾತ್ರ ಝಾಗ್ರೆಬ್‌ನಿಂದ ಯಗೋದಾ ಮೇಡಂ ಅರ್ಧ ಗಂಟೆ ಪರದೆಗೆ ಬಂದು ನನ್ನ ಕೆಲಸದ ಗ್ರಹಚಾರ ಬಿಡಿಸುತ್ತಾರೆ.

ವಸಂತದಿಂದ ನಡಿಗೆಯ ಪಾಠ ನಡೆದಿತ್ತು. ಒಬ್ಬರು ನಡೆಯುವುದನ್ನು ವಿಡಿಯೊ ಮಾಡಿಕೊಂಡು, ತಡೆತಡೆದು ನೋಡಿ, ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಬರೆಯಬೇಕು. ತರಗತಿ ಇದ್ದಿದ್ದರೆ ಪಕ್ಕದವಳನ್ನು ನಡೆಸುತ್ತಿದ್ದೆ. ನನಗೆ ಸಿಕ್ಕವನು ಅಪ್ಪ ಸ್ರೆಚ್ಕೊ, ಮನೆಗಳ ಮಾಡಿಗೆ ಹೆಂಚು ಹೊದಿಸುವವನು. ಪ್ರತಿ ಭಾನುವಾರ ಗೊಣಗುತ್ತಲೇ ಅಂಗಳದಲ್ಲಿ ಎರಡು ಸುತ್ತು ಹಾಕುತ್ತಿದ್ದ.

ಈ ಗುರುವಾರ ಮೇಡಂ ನನ್ನ ಚಿತ್ರಗಳನ್ನು ಓಡಿಸಿ ನೋಡಿದರು.

"ತುಂಬಾ ಚೆನ್ನಾಗಿದೆ. ಅದಕ್ಕೇ ಅನುಮಾನ. ವಿಡಿಯೊ ಕಳ್ಸು, ನೋಡೋಣ."

ಕಳಿಸಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರು. ನನ್ನ ಚಿತ್ರದಲ್ಲಿ ಬಲಗೈ ಎಡಗೈಯಷ್ಟೇ ಬೀಸುತ್ತಿತ್ತು. ವಿಡಿಯೊದಲ್ಲಿ ಅದು ಜೋತುಬಿದ್ದಿತ್ತು, ಬಲಗಾಲು ನೆಲ ಕೆರೆಯುತ್ತಿತ್ತು.

"ಈ ಕೈ ಯಾಕೆ ಬದಲಾಯಿಸ್ದೆ?"

"ತಿದ್ದಿದ್ದು ಮೇಡಂ. ಎರಡೂ ಕೈ ಸಮ ಬೀಸ್ಬೇಕು ಅಂತ ಪಾಠದಲ್ಲಿದೆಯಲ್ಲ. ನಾನೇ ತಪ್ಪು ಬರೀತಿದ್ದೀನಿ ಅಂದ್ಕೊಂಡೆ."

"ಯಾವಾಗಿಂದ ತಿದ್ತಿದ್ದೀಯ?"

"ಏಪ್ರಿಲಿಂದ."

ಅವರು ಚುಚ್ಚು ಮಾತಾಡಲಿಲ್ಲ. ನನಗೆ ಆಗಲೇ ಭಯವಾಯಿತು. ಮಾರ್ಚ್‌ನ ವಿಡಿಯೊ ಕೇಳಿದರು. ಅದರಲ್ಲಿ ಎರಡೂ ಕೈ ಬೀಸುತ್ತಿದ್ದವು.

"ಟಿಹಾನಾ, ನಾನು ಡಾಕ್ಟರಲ್ಲ. ಆದ್ರೆ ನಮ್ಮಮ್ಮನ ಕೈನೂ ಮೊದಲು ಹೀಗೇ ಜೋತುಬಿತ್ತು, ಆಮೇಲೆ ನರದ ಕಾಯಿಲೆ ಅಂತ ಗೊತ್ತಾಯ್ತು. ನಿಮ್ಮಪ್ಪ ಈಗ ಎಲ್ಲಿದ್ದಾರೆ?"

"ಕೆಲಸಕ್ಕೆ ಹೋಗಿದ್ದಾನೆ. ಮಾಡಿನ ಮೇಲೆ."

"ಮೊದಲು ಅಲ್ಲಿಗೆ ಹೋಗು."

ಸೈಕಲ್ ತುಳಿಯುತ್ತಾ ನನ್ನನ್ನೇ ಬೈದುಕೊಂಡೆ. ಚಿತ್ರದ ಬೆರಳು ಕೂದಲೆಳೆಯಷ್ಟು ಆಚೀಚೆಯಾದರೆ ಹಿಡಿಯುತ್ತೇನೆ ಎಂದು ಜಂಬ ಕೊಚ್ಚಿಕೊಳ್ಳುವ ನನಗೆ, ಮೂರು ತಿಂಗಳು ಅಪ್ಪನ ಕೈ ಕಂಡಿರಲಿಲ್ಲ. ಹೊಳೆ ಪಕ್ಕದ ಎರಡಂತಸ್ತಿನ ಮನೆಯಲ್ಲಿ ಕೆಲಸ. ಅಪ್ಪ ಏಣಿಯ ಬುಡದಲ್ಲಿ ಕೂತು ಬ್ರೆಡ್ಡು, ಈರುಳ್ಳಿ ತಿನ್ನುತ್ತಿದ್ದ. ಜೀವ ಬಂದಂತಾಯಿತು. ಏದುಸಿರಿನಲ್ಲೇ ಎಲ್ಲ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ನಿಂಗೆ ಗೊತ್ತಿತ್ತಾ ಅಪ್ಪ?"

"ಕೈ ನಂದಲ್ವೇನೇ?"

"ಮತ್ತೆ ಇಲ್ಲಿ ಯಾರಿಗೂ ಗೊತ್ತಾಗ್ಲಿಲ್ವಾ?"

"ಗೊತ್ತಾದ್ರೆ ಮಾಡು ಹತ್ತೋಕೆ ಬಿಡ್ತಾರಾ?" ತುಟಿ ಒರೆಸಿಕೊಂಡ. "ನೀನು ಮನೇಲಿ ಇಲ್ಲದಾಗ ನಿನ್ನ ಕಂಪ್ಯೂಟರಲ್ಲಿ ಆ ಚಿತ್ರ ಹಾಕ್ಕೊಂಡು ನೋಡ್ತಿದ್ದೆ. ಕೈ ಯಾವಾಗ ಮುಂದೆ ಬರ್ಬೇಕು, ಕಾಲು ಎಷ್ಟು ಎತ್ಬೇಕು, ಎಲ್ಲ ಬರ್ದಿಟ್ಟಿದ್ದೆಯಲ್ಲ. ಹಿತ್ತಲಲ್ಲಿ ನಡ್ದೂ ನಡ್ದೂ ಕಲ್ತೆ. ಜನರೆದುರು ಹಾಗೇ ನಡೀತೀನಿ."

"ನನ್ನ ಕ್ಯಾಮೆರಾ ಮುಂದೆ?"

"ಅಲ್ಲಿ ಇದ್ದ ಹಾಗೆ ನಡೀತಿದ್ದೆ. ಆಮೇಲೆ ನೀನು ತಿದ್ತಿದ್ದೆಯಲ್ಲ ಮಗಳೇ."

ನನಗೆ ಅಳು ಬಂತು. ಇವತ್ತೇ ಡಾಕ್ಟರ ಹತ್ತಿರ ಹೋಗೋಣ ಎಂದು ತೋಳು ಹಿಡಿದೆ. ಮೃದುವಾಗಿ ಬಿಡಿಸಿಕೊಂಡ.

"ಇನ್ನೊಂದು ಸಾಲು ಹೆಂಚಿದೆ. ಮುಗ್ಸಿ ಬರ್ತೀನಿ."

ಒಳಗಿನಿಂದ ಮೇಸ್ತ್ರಿ ಹೊರಗೆ ಬಂದು ನಿಂತ. ಆ ಕೂಡಲೇ ಅಪ್ಪ ಎದೆ ಸೆಟೆಸಿ, ಎರಡೂ ಕೈ ಸಮನಾಗಿ ಬೀಸುತ್ತಾ ನನ್ನ ಚಿತ್ರದ ಹಾಗೇ ನಡೆದುಹೋಗಿ ಏಣಿ ಹತ್ತತೊಡಗಿದ. ಏಣಿ ಹತ್ತುವುದನ್ನು ನಾನಿನ್ನೂ ಬರೆದಿರಲಿಲ್ಲ.