ಶಾವಿಗೆಯವಳ ಒಲೆ

ಮರದ ಮಿಲ್ಲಿನ ಗೇಟಿನೆದುರು ಅಂಗಡಿ ಇಟ್ಟುಕೊಂಡಿದ್ದ ಹೆಂಗಸನ್ನು ಎಲ್ಲರೂ ಚಹಾದಕ್ಕ ಎನ್ನುತ್ತಿದ್ದರು. ಗಂಡ ಅದೇ ಮಿಲ್ಲಿನ ಗರಗಸಕ್ಕೆ ಸಿಕ್ಕಿ ಸತ್ತ ಮೇಲೆ, ಅಲ್ಲಿ ಲೋಡಿಂಗ್ ಮೇಸ್ತ್ರಿಯಾಗಿದ್ದ ಅವಳ ತಮ್ಮ ಮಾಲೀಕನ ಕೈಕಾಲು ಹಿಡಿದು ಆ ಜಾಗ ಕೊಡಿಸಿದ್ದ. "ನಮ್ಮಕ್ಕನ ಅಂಗಡಿ ಬಿಟ್ಟು ಬೇರೆ ಕಡೆ ಹೋದವನ ಹಲ್ಲು ಉದುರಿಸ್ತೀನಿ" ಎಂದು ನಗುತ್ತ ಹೇಳುತ್ತಿದ್ದ. ನಗುತ್ತ ಹೇಳಿದ್ದನ್ನು ನಗುತ್ತಲೇ ಮಾಡಿಬಿಡುವ ಜಾತಿ ಅವನದು. ಚಿಕ್ಕಂದಿನಿಂದ ಅವನ ಕೈಯಲ್ಲಿ ಏಟು ತಿಂದವರಿಗೆಲ್ಲ ಅರಿಶಿನ ಹಚ್ಚಿ ಸಮಾಧಾನ ಮಾಡಿ ಕಳಿಸಿದವಳು ಅಕ್ಕನೇ.

ಮಳೆಗಾಲ ಮುಗಿದ ಮೇಲೆ ಪಕ್ಕದಲ್ಲೇ ಶಾವಿಗೆಯವಳು ಬಂದು ಒಲೆ ಹೂಡಿದಳು. ದೂರದ ದೇಶದವಳು. ಗಂಡ ಮಿಲ್ಲಿನಲ್ಲಿ ದಿಮ್ಮಿ ಉರುಳಿಸುತ್ತಿದ್ದ. ಅವಳು ಹಂಡೆಯಲ್ಲಿ ಮೂಳೆ ಬೇಯಿಸಿ, ಆ ಸಾರಿಗೆ ಉಪ್ಪಿನಲ್ಲಿ ಹುಳಿಸಿದ ಮೀನು ಕದಡಿ, ಅಕ್ಕಿ ಶಾವಿಗೆಯ ಮೇಲೆ ಸುರಿದು ಕೊಡುತ್ತಿದ್ದಳು. ಮುಚ್ಚಳ ತೆಗೆದರೆ ವಾಸನೆ ಗೇಟು ದಾಟಿ ಆಫೀಸಿನ ತನಕ ಹೋಗುತ್ತಿತ್ತು. ಮೊದಮೊದಲು ಅವಳ ದೇಶದವರಷ್ಟೇ ತಿಂದರು. ಆಮೇಲೆ ಒಬ್ಬ ಲಾರಿ ಡ್ರೈವರು ರುಚಿ ನೋಡಿದ. ಅವನ ಹಿಂದೆ ಇನ್ನೊಬ್ಬ.

"ಮಧ್ಯಾಹ್ನದ ಬನ್ನು ಖರ್ಚಾಗ್ತಿಲ್ಲಮ್ಮ" ಎಂದು ಚಹಾದಕ್ಕ ಮನೆಯಲ್ಲಿ ಒಮ್ಮೆ ಗೊಣಗಿದಳು. ತಾಯಿಗೆ ಹೇಳಿದ್ದು ಅಲ್ಲೇ ಊಟಕ್ಕೆ ಕೂತಿದ್ದ ತಮ್ಮನ ಕಿವಿಗೂ ಬಿತ್ತು.

ಅದಾದ ಕೆಲ ದಿನಕ್ಕೆ ಚಹಾದಕ್ಕನಿಗೆ ಜ್ವರ ಬಂತು. ಅಂಗಡಿ ತೆರೆದು, ಒಲೆ ಹಚ್ಚಲಾರದೆ ಬೆಂಚಿನ ಮೇಲೆ ಮುದುಡಿದ್ದಳು. ಕರೆಯದೆ ಬಂದ ಶಾವಿಗೆಯವಳು ಒಂದು ಬಟ್ಟಲನ್ನು ಎದುರಿಗಿಟ್ಟಳು.

"ಕುಡಿ ಅಕ್ಕ. ಬೆವರು ಬರುತ್ತೆ, ಜ್ವರ ಹೋಗುತ್ತೆ."

ಚಹಾದಕ್ಕ ಉಸಿರು ಬಿಗಿಹಿಡಿದು ಒಂದು ಗುಟುಕು ನುಂಗಿದಳು. ಖಾರ ನೆತ್ತಿಗೇರಿತು. ಎರಡನೆಯ ಗುಟುಕಿಗೆ ಉಸಿರು ಬಿಗಿಹಿಡಿಯುವುದು ಮರೆತುಹೋಯಿತು. ಅಂದಿನಿಂದ ಅತ್ತ ಚಹಾ, ಇತ್ತ ಸಾರು. ಮನೆಗೆ ಹೋಗುವ ಮುಂಚೆ ಮಾತ್ರ ಚಹಾದಕ್ಕ ಎರಡೆರಡು ಸಲ ಬಾಯಿ ಮುಕ್ಕಳಿಸುತ್ತಿದ್ದಳು.

ಆಮೇಲೆ ಮಿಲ್ಲಿನ ಕಾವಲು ನಾಯಿ ಕಾಣೆಯಾಯಿತು. ಬೆಳಿಗ್ಗೆ ಯಾರೋ "ಹಂಡೆಯಲ್ಲಿ ಹುಡುಕ್ರೋ" ಎಂದು ತಮಾಷೆ ಮಾಡಿದರು. ಊಟದ ಗಂಟೆ ಹೊಡೆಯುವ ಹೊತ್ತಿಗೆ ತಮಾಷೆ ಹೋಗಿ ಸುದ್ದಿಯೇ ಉಳಿದಿತ್ತು.

ಚಹಾದಕ್ಕನ ತಮ್ಮ ಲೋಡಿಂಗಿನವರನ್ನು ಕಟ್ಟಿಕೊಂಡು ಬಂದ. ಕೈಯಲ್ಲಿ ಮರದ ರೀಪಿನ ತುಂಡು.

"ಏನಿದೆ ಇದರಲ್ಲಿ?"

"ಹಂದಿ ಮೂಳೆ ಅಣ್ಣ. ನೋಡಿ." ಅವಳು ಸೌಟಿನಲ್ಲಿ ಎತ್ತಿ ತೋರಿಸಿದಳು.

ಅವನು ಸೌಟಿಗೆ ಹೊಡೆದ. ಅದು ಹಾರಿ ಅವಳ ಹಲ್ಲಿಗೆ ಬಡಿಯಿತು. ಅವಳು ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಒಬ್ಬ ಬಟ್ಟಲುಗಳ ರಾಶಿಯನ್ನು ಒದ್ದ, ಇನ್ನೊಬ್ಬ ಮೀನಿನ ಜಾಡಿಯನ್ನು ಕಲ್ಲಿಗೆ ಅಪ್ಪಳಿಸಿದ. ನಾತ ಗುಪ್ಪೆಂದು ಎದ್ದಿತು; ಜನ ಮೂಗು ಮುಚ್ಚಿಕೊಂಡು ನಕ್ಕರು. ನಿನ್ನೆ ಅದೇ ಬಟ್ಟಲಲ್ಲಿ ಉಂಡ ಡ್ರೈವರೂ ನಕ್ಕ.

"ಬೇಡವೋ, ಬಿಡೋ" ಎಂದಳು ಚಹಾದಕ್ಕ.

"ನೀನು ಸುಮ್ನಿರಕ್ಕ. ನಿನಗೋಸ್ಕರಾನೇ ಇದು."

ಬನ್ನಿನ ಬಗ್ಗೆ ತಾನು ಗೊಣಗಿದ್ದು ಅವಳಿಗೆ ನೆನಪಾಯಿತು.

ಗೇಟಿನೊಳಗಿಂದ ಶಾವಿಗೆಯವಳ ಗಂಡ ಓಡಿಬಂದ. ಹೆಂಡತಿಯನ್ನು ಹಿಂದಕ್ಕೆ ಸರಿಸಿ ಕೈ ಮುಗಿದು ನಿಂತ. ಮುಗಿದ ಕೈಯ ಮೇಲೇ ಮೊದಲ ಏಟು ಬಿತ್ತು. ಎರಡನೆಯದು ಮಂಡಿಗೆ. ಕೆಳಗೆ ಬಿದ್ದವನನ್ನು ಬೂಟುಗಾಲುಗಳು ಸುತ್ತುವರಿದವು. ಅವನ ದೇಶದವರು ಗೇಟಿನೊಳಗೇ ನಿಂತಿದ್ದರು. ಅವನು ಹೊರಬಂದೊಡನೆ ವಾಚ್‌ಮನ್ ಗೇಟಿಗೆ ಬೀಗ ಹಾಕಿಬಿಟ್ಟಿದ್ದ. ಪಕ್ಕೆಲುಬು ಲಟಕ್ಕೆಂದದ್ದು ಚಹಾದಕ್ಕನಿಗೆ ತನ್ನ ಒಲೆಯ ಬಳಿ ಕೇಳಿಸಿತು.

ಶಾವಿಗೆಯವಳು ತಮ್ಮನ ತೋಳು ಕಚ್ಚಿದಳು. ಅವನು ಅವಳ ಜುಟ್ಟು ಹಿಡಿದು ಹಂಡೆಯ ಬಳಿಗೆ ಎಳೆದ. "ಬಾ, ನಾಯಿ ಹುಡುಕು ಬಾ" ಎನ್ನುತ್ತ ಕುದಿಯುವ ಸಾರಿನತ್ತ ಅವಳ ಮುಖ ಬಗ್ಗಿಸಿದ. ಅವಳು ಹಂಡೆಯ ಕಂಠಕ್ಕೆ ಎರಡೂ ಅಂಗೈ ಊರಿ ತಡೆದಳು. ಅಂಗೈ ಚುರ್ರೆಂದಿತು. ಅವನು ಇನ್ನೂ ಬಗ್ಗಿಸಿದ. ಅವನ ಮುಖದಲ್ಲಿ ಅದೇ ನಗು.

ಚಹಾದಕ್ಕನ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಬಟ್ಟೆ ಹುಡುಕದೆ ಬರಿಗೈಯಲ್ಲೇ ಪಾತ್ರೆ ಎತ್ತಿದಳು. ಅಷ್ಟು ಹಾಲನ್ನೂ ತಮ್ಮನ ಬೆನ್ನಿಗೂ ತೋಳಿಗೂ ಸುರಿದಳು.

ಅವನ ಅರಚಾಟಕ್ಕೆ ಬೂಟುಗಾಲುಗಳು ನಿಂತವು. ನೆಲದಲ್ಲಿ ಹೊರಳಾಡುತ್ತ ಅವನು ಅಂಗಿ ಕಿತ್ತ. ಅಂಗಿಯ ಜೊತೆ ಚರ್ಮವೂ ಬಂತು. "ಅಕ್ಕಾ" ಎಂದ, ಚಿಕ್ಕವನಿದ್ದಾಗ ಕತ್ತಲಲ್ಲಿ ಕರೆಯುತ್ತಿದ್ದ ಹಾಗೆ. ಅವಳು ಅವನತ್ತ ಹೋಗಲಿಲ್ಲ. ಖಾಲಿ ಪಾತ್ರೆ ಹಿಡಿದು ಉಳಿದವರ ಕಡೆ ತಿರುಗಿದಳು.

"ಯಾರು ಬರ್ತೀರಿ, ಬನ್ನಿ."

ಯಾರೂ ಬರಲಿಲ್ಲ.

ನಾಯಿ ಮಿಲ್ಲಿನ ಹಿಂದಿನ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಿತ್ತು. ಅದು ಆಮೇಲೆ ಗೊತ್ತಾಯಿತು. ಚಹಾದಕ್ಕ ಪೊಲೀಸರಿಗೆ ತಮ್ಮ ಮಾಡಿದ್ದನ್ನೂ ತಾನು ಮಾಡಿದ್ದನ್ನೂ ಒಂದೂ ಬಿಡದೆ ಹೇಳಿದಳು. ತಾಯಿ ಅವಳ ಬಟ್ಟೆ ಗಂಟನ್ನು ಬೀದಿಗೆ ಎಸೆದಳು.

"ಒಂದೇ ಹೊಟ್ಟೇಲಿ ಹುಟ್ಟಿದವನನ್ನ ಬೇಯಿಸಿಬಿಟ್ಟೆಯಲ್ಲೇ. ಯಾರಿಗೋಸ್ಕರ? ಗಬ್ಬು ತಿನ್ನೋರಿಗೋಸ್ಕರ."

"ನಾನೂ ತಿಂದಿದ್ದೀನಮ್ಮ" ಎಂದು ಅವಳು ಗಂಟು ಎತ್ತಿಕೊಂಡಳು.

ಗೇಟಿನ ಮುಂದಿನ ಜಾಗ ಹೋಯಿತು. ಶಾವಿಗೆಯವಳ ಗಂಡ ಬದುಕಿದ, ಆದರೆ ಕಾಲು ಎಳೆಯುತ್ತ ನಡೆಯುವವನು ದಿಮ್ಮಿ ಉರುಳಿಸಲಾರ. ಬಸ್‌ಸ್ಟ್ಯಾಂಡಿನ ಹಿಂದೆ ಇಬ್ಬರು ಹೆಂಗಸರಿಗೂ ಒಂದು ತಗಡಿನ ಶೆಡ್ಡು ಸಿಕ್ಕಿತು. ಒಂದು ಒಲೆಯಲ್ಲಿ ಚಹಾ, ಇನ್ನೊಂದರಲ್ಲಿ ಸಾರು. ಕೆಲವರು ಬರುತ್ತಿದ್ದರು. ಕೆಲವರು ಬಾಗಿಲಲ್ಲಿ ಉಗಿದು ಹೋಗುತ್ತಿದ್ದರು. ಒಮ್ಮೆ ಯಾರೋ ಕಲ್ಲು ತೂರಿದರು. ಗಾಯವಾದದ್ದು ಶಾವಿಗೆ ತಿನ್ನುತ್ತಿದ್ದ ಮುದುಕನಿಗೆ. ಅವನು ರಕ್ತ ಒರೆಸಿಕೊಂಡು ಬಟ್ಟಲು ಮುಗಿಸಿಯೇ ಎದ್ದ.

ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಕೆನ್ನೆಯ ಮೇಲೆ ಬೆರಳಿನ ಗುರುತು ಎದ್ದು ಕಾಣುತ್ತಿತ್ತು.

"ಜಾಮೀನಿನ ಮೇಲೆ ಬಂದಿದ್ದಾರೆ ಅತ್ತಿಗೆ. ಬಲಗೈ ಮಡಚೋಕಾಗಲ್ಲ. ಎಡಗೈಯಲ್ಲಿ ಹೊಡೀತಾರೆ."

"ಊಟ ಆಯ್ತಾ?"

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಶಾವಿಗೆಯವಳಿಗೆ ಯಾರೆಂದು ಗೊತ್ತಾಯಿತು. ಸೌಟನ್ನು ಹಂಡೆಯೊಳಗೆ ಬಿಟ್ಟು, ಸುಕ್ಕುಗಟ್ಟಿದ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಆ ಮನೆಯವರಿಗೆ ನಾನು ಬಡಿಸಲ್ಲ ಅಕ್ಕ."

"ನೀನು ಬಡಿಸಬೇಡ" ಎಂದಳು ಚಹಾದಕ್ಕ. ತನಗೆಂದು ಎತ್ತಿಟ್ಟಿದ್ದ ಬಟ್ಟಲನ್ನು ತಂದು ತಮ್ಮನ ಹೆಂಡತಿಯ ಮುಂದಿಟ್ಟಳು. ಅವಳು ವಾಸನೆಗೆ ಮುಖ ಕಿವುಚಿದಳು, ಆಮೇಲೆ ಹಸಿದವಳು ತಿನ್ನುವಂತೆ ತಿಂದಳು. ಶಾವಿಗೆಯವಳು ಅವಳನ್ನೇ ನೋಡುತ್ತಿದ್ದಳು. ಎದ್ದು ಹೋಗು ಎನ್ನಲಿಲ್ಲ, ಇನ್ನಷ್ಟು ಬೇಕೇ ಎಂದೂ ಕೇಳಲಿಲ್ಲ.